ಫ್ಲ್ಯಾಟ್ ಕೀಲಿ ಪಡೆಯುವ ಮುನ್ನ ತಪಾಸಣೆ: ಕಾಣುವುದೆಷ್ಟು, ಕಾಣದಿರುವುದೆಷ್ಟು

ಪ್ರಶ್ನೆ: ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ಒಂಬತ್ತನೇ ಮಹಡಿಯಲ್ಲಿ ಮೂರು ಮಲಗುವ ಕೋಣೆಗಳ ಹೊಸ ಫ್ಲ್ಯಾಟ್ ಕೊಂಡಿದ್ದೇವೆ. ಬಿಲ್ಡರ್ ಕಡೆಯಿಂದ ‘ಬಂದು ನೋಡಿ, ಸ್ವಾಧೀನ ತೆಗೆದುಕೊಳ್ಳಿ’ ಎಂದು ಪತ್ರ ಬಂದಿದೆ. ಮನೆ ತಪಾಸಣೆ ಮಾಡುವ ವೃತ್ತಿಪರರನ್ನು ಕರೆಸಬೇಕೆಂದು ನನ್ನ ಆಸೆ. ಮಾವನವರು ಊರಿನಲ್ಲಿ ಮೂರು ಮನೆ ಕಟ್ಟಿಸಿದವರು, ‘ನಾನೇ ನೋಡುತ್ತೇನೆ, ಅದಕ್ಕೆ ದುಡ್ಡು ಯಾಕೆ’ ಎನ್ನುತ್ತಾರೆ. ಟೆಕ್ಸಾಸ್‌ನಲ್ಲಿರುವ ಅಣ್ಣ ಅಲ್ಲಿನ ತಪಾಸಣೆಯ ಉದ್ದದ ಪಟ್ಟಿ ಕಳಿಸಿದ್ದಾನೆ. ನಿಜಕ್ಕೂ ಈ ತಪಾಸಕರು ಏನೇನು ನೋಡುತ್ತಾರೆ? ಪಕ್ಕದ ಬ್ಲಾಕ್‌ನವರ ವರದಿಯಲ್ಲಿ ನೂರಕ್ಕೂ ಹೆಚ್ಚು ದೋಷಗಳಿದ್ದವಂತೆ. ಹಾಗಾದರೆ ಕಟ್ಟಡವೇ ಕೆಟ್ಟದ್ದೇ?

ಉತ್ತರ: ಕರೆಸಿ. ಆದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ತಿಳಿದು ಕರೆಸಿ. ತಪಾಸಣೆಯ ವರದಿ ಮನೆಯ ಯೋಗ್ಯತಾ ಪತ್ರವಲ್ಲ. ಆ ದಿನ, ಆ ಹೊತ್ತಿನಲ್ಲಿ, ಏನನ್ನೂ ಒಡೆಯದೆ ಕಣ್ಣಿಗೂ ಉಪಕರಣಕ್ಕೂ ಸಿಕ್ಕಿದ್ದನ್ನು ಫೋಟೊ ಸಹಿತ ಬರೆದಿಟ್ಟ ದಾಖಲೆ, ಅಷ್ಟೇ. ದೋಷಗಳ ಸಂಖ್ಯೆ ನೋಡಿ ಗಾಬರಿಯಾಗುವ ಅಗತ್ಯವಿಲ್ಲ. ಹೊಸ ಫ್ಲ್ಯಾಟ್‌ನಲ್ಲಿ ಪಟ್ಟಿ ನೂರು ದಾಟುವುದು ಅಪರೂಪವೇನಲ್ಲ, ಏಕೆಂದರೆ ಸ್ವಿಚ್ ಬೋರ್ಡ್ ಮೇಲಿನ ಬಣ್ಣದ ಕಲೆಯೂ ಒಂದು ಸಾಲು, ಬಚ್ಚಲಿನ ಸೋರಿಕೆಯೂ ಒಂದು ಸಾಲು. ಪಟ್ಟಿಯ ಪ್ರತಿ ಸಾಲಿನ ಮುಂದೆಯೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದನ್ನು ಮುಂದೆ ಸರಿಪಡಿಸಬೇಕಾದರೆ ಏನನ್ನಾದರೂ ಒಡೆಯಬೇಕೇ? ಒಡೆಯಬೇಕಾದದ್ದನ್ನು ಕೀಲಿ ಪಡೆಯುವ ಮುನ್ನವೇ ಮಾಡಿಸಬೇಕು. ಒಡೆಯದೆ ಸರಿಯಾಗುವುದು ಮುಂದಿನ ತಿಂಗಳಾದರೂ ಆದೀತು.

ಅಣ್ಣನ ಪಟ್ಟಿಯನ್ನು ಪಕ್ಕಕ್ಕಿಡಿ. ತಪ್ಪು ಪಟ್ಟಿಯೇನಲ್ಲ, ಬೇರೆ ಮನೆಯ ಪಟ್ಟಿ. ಟೆಕ್ಸಾಸ್‌ನಲ್ಲಿ ಮನೆ ತಪಾಸಕರಿಗೆ ರಾಜ್ಯ ಸರ್ಕಾರದ ಪರವಾನಗಿ ಬೇಕು. ಅಲ್ಲಿ ತಪಾಸಣೆ ನಡೆಯುವುದು ಖರೀದಿ ಪೂರ್ತಿಯಾಗುವ ಮೊದಲು, ವ್ಯವಹಾರದಿಂದ ಹಿಂದೆ ಸರಿಯಲು ಅವಕಾಶವಿರುವಾಗ. ಮನೆಗಳ ಚೌಕಟ್ಟು ಬಹುಪಾಲು ಮರದ್ದು. ಹಾಗಾಗಿ ಅವರು ಅಟ್ಟಕ್ಕೆ ಹತ್ತುತ್ತಾರೆ, ಮಾಡಿನ ಹೊದಿಕೆ ನೋಡುತ್ತಾರೆ, ಇಡೀ ಮನೆಯನ್ನು ತಂಪಾಗಿಡುವ ಯಂತ್ರವನ್ನು ಪರೀಕ್ಷಿಸುತ್ತಾರೆ. ನಿಮ್ಮದು ಕಾಂಕ್ರೀಟ್ ಚೌಕಟ್ಟಿನ ಗೋಪುರದ ಒಂಬತ್ತನೇ ಮಹಡಿ. ಇಲ್ಲಿ ಮನೆಯ ನೆಮ್ಮದಿ ಕೆಡಿಸುವುದು ಬಚ್ಚಲು, ಬಾಲ್ಕನಿ, ಪಶ್ಚಿಮದ ಗೋಡೆ ಮತ್ತು ಕಿಟಕಿಯ ಅಂಚು. ಮಾಡಿಗೂ ಅಟ್ಟಕ್ಕೂ ಜಾಗ ಕೊಟ್ಟಷ್ಟನ್ನು ಆ ಪಟ್ಟಿ ಈ ನಾಲ್ಕಕ್ಕೆ ಕೊಡುವುದಿಲ್ಲ.

ದಿನ ಗೊತ್ತುಮಾಡುವ ಮೊದಲು ಎರಡು ವಿಷಯ ಖಚಿತಪಡಿಸಿಕೊಳ್ಳಿ. ಫ್ಲ್ಯಾಟ್‌ಗೆ ನೀರು ಬಂದಿರಬೇಕು, ವಿದ್ಯುತ್ ಬಂದಿರಬೇಕು. ‘ಸದ್ಯಕ್ಕೆ ಲೈನ್ ಕೊಟ್ಟಿಲ್ಲ, ಉಳಿದದ್ದು ನೋಡಿಕೊಳ್ಳಿ’ ಎಂದು ಸೈಟ್ ಎಂಜಿನಿಯರ್ ಹೇಳಿದರೆ ತಪಾಸಣೆಯನ್ನು ಮುಂದೂಡಿ. ನೀರಿಲ್ಲದೆ ನೋಡಿದ ಬಚ್ಚಲು ನೋಡದ ಬಚ್ಚಲಿಗೆ ಸಮ. ಮಾರಾಟ ಒಪ್ಪಂದದ ಪ್ರತಿ ಮತ್ತು ಅದರ ಜೊತೆ ಲಗತ್ತಿಸಿದ ಸಾಮಗ್ರಿಗಳ ವಿವರ ಪಟ್ಟಿ ಕೈಯಲ್ಲಿರಲಿ. ಯಾವ ಕಂಪನಿಯ ನಲ್ಲಿ, ಎಷ್ಟು ದಪ್ಪದ ಬಾಗಿಲು, ಎಲ್ಲೆಲ್ಲಿ ಎಸಿ ಪಾಯಿಂಟ್ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಸಾಧ್ಯವಾದರೆ ಬೆಳಗ್ಗೆ ಕರೆಸಿ, ಹಗಲ ಬೆಳಕು ಬೇಕು. ಮೂರು ಕೋಣೆಯ ಮನೆಯನ್ನು ಇಬ್ಬರು ಸರಿಯಾಗಿ ನೋಡಲು ಅರ್ಧ ದಿನ ಹಿಡಿಯುತ್ತದೆ. ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಹೊರಡುವವರು ಮನೆ ನೋಡಲು ಬಂದ ನೆಂಟರು, ತಪಾಸಕರಲ್ಲ.

ಈಗ ನೀರಿನ ವಿಷಯ. ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ಫ್ಲ್ಯಾಟ್‌ಗಳಲ್ಲಿ ಜಗಳ, ಖರ್ಚು, ನೆರೆಹೊರೆಯ ಮನಸ್ತಾಪ ಎಲ್ಲವೂ ಇಲ್ಲಿಂದಲೇ ಹುಟ್ಟುತ್ತವೆ. ಬಚ್ಚಲಿನಲ್ಲಿ ತಪಾಸಕರು ಮೊದಲು ನೆಲಕ್ಕೆ ಒಂದು ಬಕೆಟ್ ನೀರು ಚೆಲ್ಲಿ ಸುಮ್ಮನೆ ನಿಲ್ಲಬೇಕು. ನೀರು ಜಾಲರಿಯ ಕಡೆಗೆ ಹರಿಯುತ್ತದೆಯೋ, ಬಾಗಿಲ ಹೊಸ್ತಿಲಿನತ್ತ ಬರುತ್ತದೆಯೋ, ಕಮೋಡ್ ಹಿಂದೆ ಮಡುಗಟ್ಟುತ್ತದೆಯೋ ನೋಡಬೇಕು. ಗಾರೆ ಮೇಸ್ತ್ರಿಗಳು ವಾಟ ಎನ್ನುವ ಈ ಇಳಿಜಾರು ತಪ್ಪಿದ್ದರೆ ಸರಿಪಡಿಸಲು ಟೈಲ್ಸ್ ಕಿತ್ತು ಮತ್ತೆ ಹಾಸುವುದೊಂದೇ ದಾರಿ. ಮುಂದೊಂದು ದಿನ ಅದನ್ನು ಕಿತ್ತರೆ ಅದರ ಕೆಳಗಿನ ಜಲನಿರೋಧಕ ಲೇಪವೂ ಕಿತ್ತು ಬರುತ್ತದೆ. ಆದ್ದರಿಂದ ‘ಸ್ವಲ್ಪ ನೀರು ನಿಲ್ಲುತ್ತದೆ ಮೇಡಂ, ವೈಪರ್ ಹಾಕಿದರೆ ಹೋಗುತ್ತದೆ’ ಎಂಬ ಸಮಾಧಾನಕ್ಕೆ ಒಪ್ಪಬೇಡಿ.

ಆ ಲೇಪ ಸರಿಯಾಗಿದೆಯೇ ಎಂದು ತಿಳಿಯುವ ಪರೀಕ್ಷೆಯೇ ಬೇರೆ. ಜಾಲರಿಯ ಬಾಯಿ ಮುಚ್ಚಿ, ನೆಲದ ಮೇಲೆ ಒಂದೆರಡು ಅಂಗುಲ ನೀರು ನಿಲ್ಲಿಸಿ, ಕನಿಷ್ಠ ಒಂದು ಇಡೀ ದಿನ ಬಿಟ್ಟು, ಕೆಳಗಿನ ಮನೆಯ ಬಚ್ಚಲಿನ ಚಾವಣಿ ನೋಡಬೇಕು. ಅರ್ಧ ದಿನಕ್ಕೆ ಬರುವ ತಪಾಸಕರ ಕೈಯಲ್ಲಿ ಇದು ಆಗುವ ಕೆಲಸವಲ್ಲ. ಹಿಂದಿನ ದಿನವೇ ನೀರು ನಿಲ್ಲಿಸಿಡುವಂತೆ ಬಿಲ್ಡರ್‌ಗೆ ಬರೆದು ಕೇಳಿ. ಎಂಟನೇ ಮಹಡಿಯ ಫ್ಲ್ಯಾಟ್ ಇನ್ನೂ ಖಾಲಿಯಿದ್ದರೆ ಇದು ಸುಲಭ. ಅಲ್ಲಿ ಸಂಸಾರ ಬಂದು ಕೂತ ಮೇಲೆ ಅವರ ಬಚ್ಚಲಿಗೆ ಏಣಿ ಹಾಕಲು ಮುಜುಗರ. ಅದೇ ಪ್ರಕಾರ ನಿಮ್ಮ ಬಚ್ಚಲಿನ ಚಾವಣಿಯ ಫಾಲ್ಸ್ ಸೀಲಿಂಗ್‌ನಲ್ಲಿ ಒಂದು ಚಿಕ್ಕ ಮುಚ್ಚಳವಿರುತ್ತದೆ, ಅದನ್ನು ತೆಗೆಸಿ ನೋಡಿಸಿ. ಮೇಲಿನ ಮನೆಯ ಪೈಪುಗಳು ಅಲ್ಲೇ ತೂಗುತ್ತಿರುತ್ತವೆ. ಪೈಪು ಸ್ಲ್ಯಾಬ್ ಕೊರೆದು ಬರುವ ಜಾಗದ ಸುತ್ತ ಬಿಳಿ ಉಪ್ಪಿನ ಉಂಗುರ ಕಂಡರೆ ಅಲ್ಲಿ ನೀರು ಒಮ್ಮೆಯಾದರೂ ಜಿನುಗಿದೆ ಎಂದರ್ಥ, ಈಗ ಕೈಗೆ ಒಣಗಿದಂತೆ ಹತ್ತಿದರೂ ಸರಿ. ಅದರ ಮೇಲೆ ಬಣ್ಣ ಬಳಿದು ತೋರಿಸುವುದೂ ಉಂಟು.

ಬಚ್ಚಲಿನಲ್ಲಿ ದುರ್ವಾಸನೆ ಬಂದರೆ ತಕ್ಷಣ ಸಿಟ್ಟಾಗಬೇಡಿ. ಜಾಲರಿಯ ಕೆಳಗಿನ ಟ್ರ್ಯಾಪ್‌ನಲ್ಲಿ ನಿಂತ ನೀರು ಒಳಚರಂಡಿಯ ಗಾಳಿಯನ್ನು ತಡೆಯುತ್ತದೆ. ಬಹಳ ದಿನ ಬೀಗ ಹಾಕಿದ್ದ ಮನೆಯಲ್ಲಿ ಆ ನೀರು ಒಣಗಿರುತ್ತದೆ. ಒಂದು ಬಕೆಟ್ ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಆಗಲೂ ವಾಸನೆ ಇದ್ದರೆ ಪಟ್ಟಿಗೆ ಸೇರಿಸಿ.

ಕಿಟಕಿಗೆ ಒಂದು ಚೊಂಬು ನೀರು ಸಾಕು. ಜಾರುವ ಕಿಟಕಿಯ ಕೆಳಗಿನ ಹಳಿಯಲ್ಲಿ, ಹೊರಮುಖಕ್ಕೆ, ನೀರು ಹೊರಹೋಗಲು ಸಣ್ಣ ಸೀಳುಗಳಿರುತ್ತವೆ. ಹಳಿಗೆ ನೀರು ಸುರಿದಾಗ ಅದು ಹೊರಗಡೆ ಇಳಿಯಬೇಕು. ಸಿಮೆಂಟ್ ಚೂರು, ಪುಟ್ಟಿಯ ಪುಡಿ ತುಂಬಿಕೊಂಡು ಸೀಳು ಮುಚ್ಚಿದ್ದರೆ ಹಳಿ ತುಂಬಿ ನೀರು ಒಳಗೋಡೆಗೆ ಇಳಿಯುತ್ತದೆ. ಇದು ಒಂದು ಕಡ್ಡಿಯಿಂದ ಕೆದಕಿ ಸರಿಮಾಡುವ ಕೆಲಸ. ಆದರೆ ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಹೊರಗಡೆಯಿಂದ ಸಿಲಿಕೋನ್ ತುಂಬದೇ ಬಿಟ್ಟಿದ್ದರೆ ಕಥೆ ಬೇರೆ. ಒಂಬತ್ತನೇ ಮಹಡಿಯಲ್ಲಿ ಹೊರಗಿನಿಂದ ಕೆಲಸ ಮಾಡಲು ಕೆಲಸಗಾರರು ನಿಲ್ಲುವ ತೂಗುತೊಟ್ಟಿಲು ಬೇಕು, ಅದು ಬಿಲ್ಡರ್ ಬಳಿ ಇರುವಾಗಲೇ ಮಾಡಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಜೋರು ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಫೆಬ್ರುವರಿಯಲ್ಲಿ ಮಾಡಿದ ತಪಾಸಣೆಗೆ ಯಾವ ಗೋಡೆಯೂ ಒದ್ದೆಯಾಗಿ ಸಿಗುವುದಿಲ್ಲ. ಬೇಸಿಗೆಯಲ್ಲಿ ಸ್ವಾಧೀನ ಪಡೆಯುವುದಾದರೆ ಕೈಗೆಟುಕುವ ಕಿಟಕಿಗಳಿಗಾದರೂ ಪೈಪಿನಿಂದ ನೀರು ಹಾಯಿಸಿ ನೋಡುವಂತೆ ಹೇಳಿ.

ತಪಾಸಕರು ತರುವ ಥರ್ಮಲ್ ಕ್ಯಾಮೆರಾದ ಬಗ್ಗೆ ಜನರಿಗೆ ಅತಿಯಾದ ಭಕ್ತಿಯಿದೆ. ಅದು ಗೋಡೆಯೊಳಗೆ ಇಣುಕುವುದಿಲ್ಲ, ನೀರನ್ನೂ ನೋಡುವುದಿಲ್ಲ. ಮೇಲ್ಮೈಯ ಉಷ್ಣತೆಯ ವ್ಯತ್ಯಾಸವನ್ನು ಬಣ್ಣದಲ್ಲಿ ತೋರಿಸುತ್ತದೆ. ತೇವ ಇದ್ದಲ್ಲಿ ನೀರು ಆವಿಯಾಗುತ್ತಾ ಗೋಡೆ ತಣ್ಣಗಾಗುವುದರಿಂದ ಆ ಜಾಗ ನೀಲಿಯಾಗಿ ಕಾಣುತ್ತದೆ. ಆದರೆ ಕಾಂಕ್ರೀಟ್ ಕಂಬ, ಗೋಡೆಯೊಳಗಿನ ಪೈಪು, ಸಂಜೆ ಬಿಸಿಲು ತಾಗಿದ ಗೋಡೆಯ ನೆರಳು ಭಾಗ ಕೂಡ ಹಾಗೆಯೇ ಕಾಣಬಹುದು. ನೀಲಿ ಕಲೆ ಕಂಡಲ್ಲಿ ತೇವಮಾಪಕ ಒತ್ತಿ ನೋಡಿದರೆ ಮಾತ್ರ ಅದು ಸಾಕ್ಷಿ. ವರದಿಯಲ್ಲಿ ಬಣ್ಣಬಣ್ಣದ ಚಿತ್ರಗಳಿದ್ದು ಪಕ್ಕದಲ್ಲಿ ತೇವಮಾಪಕದ ಅಂಕಿ ಇಲ್ಲದಿದ್ದರೆ ಆ ಚಿತ್ರಗಳಿಗೆ ಹೆಚ್ಚು ಬೆಲೆ ಕೊಡಬೇಡಿ.

ಟೈಲ್ಸ್ ಪರೀಕ್ಷೆಗೆ ತುದಿಯಲ್ಲಿ ಗುಂಡಿರುವ ಒಂದು ಕಬ್ಬಿಣದ ಕಡ್ಡಿ. ಅದನ್ನು ನೆಲದ ಮೇಲೆ ಎಳೆಯುತ್ತಾ, ಗೋಡೆಗೆ ತಟ್ಟುತ್ತಾ ಹೋಗುತ್ತಾರೆ. ಕೆಳಗೆ ಗಾರೆ ತುಂಬಿದ್ದರೆ ಗಟ್ಟಿ ಸದ್ದು, ಟೊಳ್ಳಿದ್ದರೆ ಡಬ್ಬ ಬಡಿದಂತೆ. ಪ್ರತಿ ಟೊಳ್ಳು ಟೈಲನ್ನೂ ಬದಲಿಸಲು ಹಟ ಹಿಡಿಯಬೇಡಿ. ಒಂದು ಅಂಚಿನಲ್ಲಿ ನಾಣ್ಯದಷ್ಟು ಟೊಳ್ಳಿದ್ದರೆ ಅದು ಹಾಗೆಯೇ ಎಷ್ಟೋ ವರ್ಷ ಇರುತ್ತದೆ. ಇಡೀ ಟೈಲು ಟೊಳ್ಳಾಗಿದ್ದರೆ, ಅಥವಾ ಫ್ರಿಜ್, ಬೀರು, ವಾಷಿಂಗ್ ಮಷಿನ್ ಕೂರುವ ಜಾಗದಲ್ಲಿದ್ದರೆ, ಅಥವಾ ಗೀಸರ್‌ಗಾಗಿ ಕೊರೆಯಬೇಕಾದ ಗೋಡೆಯಲ್ಲಿದ್ದರೆ ಬದಲಿಸಲೇಬೇಕು. ಇನ್ನೊಂದು ಮಾತು: ಬದಲಿ ಟೈಲು ಅದೇ ಬ್ಯಾಚ್‌ನದ್ದೇ ಆಗಿರಬೇಕು, ಇಲ್ಲದಿದ್ದರೆ ಬಣ್ಣ ಹೊಂದುವುದಿಲ್ಲ. ಬಿಲ್ಡರ್ ಗೋದಾಮಿನಲ್ಲಿ ಉಳಿದ ಪೆಟ್ಟಿಗೆಗಳು ಸಿಗುವುದು ಆರಂಭದ ಕೆಲವೇ ತಿಂಗಳು.

ವಿದ್ಯುತ್ತಿನ ಭಾಗವನ್ನು ಮನೆಯವರು ಸಾಮಾನ್ಯವಾಗಿ ‘ಲೈಟು ಹತ್ತುತ್ತದೆ’ ಎಂಬಲ್ಲಿಗೆ ಬಿಡುತ್ತಾರೆ. ತಪಾಸಕರು ಮನೆಯೊಳಗೆ ವಿದ್ಯುತ್ ಹಂಚುವ ಡಿಬಿ ಪೆಟ್ಟಿಗೆಯ ಮುಚ್ಚಳ ತೆರೆಯಬೇಕು. ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು, ಅಂದರೆ ಆರ್‌ಸಿಸಿಬಿ, ಇದೆಯೇ, ಅದು 30 ಮಿಲಿಆಂಪಿಯರ್‌ನದ್ದೇ, ಅದರ ಮೇಲಿನ ಪರೀಕ್ಷಾ ಗುಂಡಿ ಒತ್ತಿದರೆ ತಟ್ಟನೆ ಬೀಳುತ್ತದೆಯೇ ನೋಡಬೇಕು. ಒದ್ದೆ ಕೈಯಲ್ಲಿ ಶಾಕ್ ತಗುಲಿದಾಗ ಜೀವ ಉಳಿಸುವುದು ಅದೇ. ಅತಿಯಾದ ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿಯ ಸಾಮರ್ಥ್ಯಕ್ಕೂ ಅದರ ತಂತಿಯ ದಪ್ಪಕ್ಕೂ ಹೊಂದಾಣಿಕೆ ಇರಬೇಕು. 2.5 ಚದರ ಮಿಲಿಮೀಟರ್ ತಂತಿಗೆ 32 ಆಂಪಿಯರ್ ಎಂಸಿಬಿ ಹಾಕಿದ್ದರೆ ಸ್ವಿಚ್ಚು ಬೀಳುವ ಮೊದಲೇ ತಂತಿ ಕಾಯುತ್ತದೆ. ಪ್ರತಿ ಸಾಕೆಟ್‌ಗೂ ಟೆಸ್ಟರ್ ಚುಚ್ಚಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿಲ್ಲವೆಂದೂ ಅರ್ಥಿಂಗ್ ಇದೆಯೆಂದೂ ದೃಢಪಡಿಸಬೇಕು, ಗೀಸರ್ ಪಾಯಿಂಟ್‌ಗಳನ್ನಂತೂ ಬಿಡುವ ಹಾಗೇ ಇಲ್ಲ. ನಿಮ್ಮ ಗೋಪುರದ ಒಳಗೋಡೆಗಳನ್ನೂ ಅಲ್ಯೂಮಿನಿಯಂ ಅಚ್ಚು ಹಾಕಿ ಕಾಂಕ್ರೀಟ್‌ನಲ್ಲೇ ಎರಕ ಹೊಯ್ದಿದ್ದರೆ, ಅಂದರೆ ಮೈವಾನ್ ಪದ್ಧತಿಯಾಗಿದ್ದರೆ, ಇನ್ನೊಂದು ಎಚ್ಚರ ಬೇಕು. ಬ್ಲಾಕ್ ಗೋಡೆಯನ್ನು ಕೊರೆದು ಹೊಸ ಪೈಪು ಕೂರಿಸಬಹುದು, ಕಾಂಕ್ರೀಟ್ ಗೋಡೆಯಲ್ಲಿ ಹಾಗೆ ಕೊರೆಯುವಂತಿಲ್ಲ. ಟಿವಿ, ಇಂಟರ್ನೆಟ್, ಎಸಿಗೆಂದು ಬಿಟ್ಟ ಖಾಲಿ ಕೊಳವೆಗಳಲ್ಲಿ ಎಳೆತಂತಿ ಸಲೀಸಾಗಿ ಓಡುತ್ತದೆಯೇ ಎಂದು ಒಂದೊಂದನ್ನೂ ಎಳೆದು ನೋಡಿಸಿ. ಸಿಮೆಂಟ್ ಹೊಕ್ಕು ಕಟ್ಟಿಕೊಂಡ ಕೊಳವೆ ಎಂದರೆ ಗೋಡೆಯ ಮೇಲೆ ಶಾಶ್ವತವಾಗಿ ಒಂದು ಪ್ಲಾಸ್ಟಿಕ್ ಪಟ್ಟಿ.

ಬಿರುಕು ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಗೊತ್ತು. ಗಾರೆ ಒಣಗುವಾಗ ಬಲೆಯಂತೆ ಮೂಡುವ ಕೂದಲೆಳೆಯ ಗೀರುಗಳು, ಬ್ಲಾಕ್ ಗೋಡೆ ಮತ್ತು ಕಾಂಕ್ರೀಟ್ ತೊಲೆ ಸೇರುವ ಗೆರೆಯಲ್ಲಿ ಉದ್ದಕ್ಕೆ ಬರುವ ಬಿರುಕು ಹೊಸ ಕಟ್ಟಡದಲ್ಲಿ ಸಾಮಾನ್ಯ. ಎರಡು ಬಗೆಯ ವಸ್ತು ಎರಡು ಬಗೆಯಲ್ಲಿ ಕುಗ್ಗುತ್ತವೆ. ಅವನ್ನು ಬರೀ ಪುಟ್ಟಿಯಿಂದ ಮುಚ್ಚಿದರೆ ಮುಂದಿನ ಬೇಸಿಗೆಗೆ ಮತ್ತೆ ಬರುತ್ತವೆ, ಸೀಳಿ ಜಾಲರಿ ಪಟ್ಟಿ ಹಾಕಿ ಮುಚ್ಚಬೇಕು. ಕಂಬ, ತೊಲೆ, ಸ್ಲ್ಯಾಬಿನ ಮೇಲೆಯೇ ಬಿರುಕಿದ್ದರೆ, ಗೋಡೆಯಲ್ಲಿ ಮೆಟ್ಟಿಲಿನಂತೆ ಓರೆಯಾಗಿ ಇಳಿದಿದ್ದರೆ, ಅಥವಾ ಗೋಡೆಯ ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿ ಕಂಡರೆ ಮನೆ ತಪಾಸಕರ ಅಭಿಪ್ರಾಯಕ್ಕೆ ನಿಲ್ಲಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್ ಅವರನ್ನು ಕರೆಸಿ.

ಬಾಗಿಲು ಒರೆಯುವುದು, ಬೀಗ, ಹಿಡಿ, ಬಣ್ಣ, ಗಾಜಿನ ಗೀರು, ನಲ್ಲಿಯ ರಭಸ ಇವೆಲ್ಲ ವರದಿಯ ಪುಟಗಳಲ್ಲಿ ಮುಕ್ಕಾಲು ಪಾಲು ತುಂಬುತ್ತವೆ. ಓದಿ, ಕಳಿಸಿ, ಅದಕ್ಕಾಗಿ ನಿದ್ದೆಗೆಡಬೇಡಿ. ಅಳತೆ ಮಾತ್ರ ಮಾಡಿಸಿ. ಲೇಸರ್ ಅಳತೆಪಟ್ಟಿಯಿಂದ ಪ್ರತಿ ಕೋಣೆಯನ್ನೂ ಅಳೆದು ಒಪ್ಪಂದದ ಕಾರ್ಪೆಟ್ ವಿಸ್ತೀರ್ಣಕ್ಕೆ ಹೋಲಿಸಲಿ. ಮನೆ ಖರೀದಿದಾರರ ಹಿತ ಕಾಯುವ ರೇರಾ ಕಾಯ್ದೆಯ ಪ್ರಕಾರ ಅದರಲ್ಲಿ ಒಳಗಿನ ಅಡ್ಡಗೋಡೆಗಳು ಸೇರುತ್ತವೆ. ಹೊರಗೋಡೆ, ಪೈಪುಗಳು ಇಳಿಯುವ ಡಕ್ಟ್, ನಿಮ್ಮದೇ ಬಾಲ್ಕನಿ ಸೇರುವುದಿಲ್ಲ.

ತಪಾಸಕರು ನೋಡದೇ ಇರುವುದೂ ಬಹಳಷ್ಟಿದೆ. ಕಾಂಕ್ರೀಟ್‌ನ ಬಲ, ಒಳಗಿನ ಕಬ್ಬಿಣದ ಸ್ಥಿತಿ ಈ ತಪಾಸಣೆಯಲ್ಲಿ ಬರುವುದಿಲ್ಲ, ಅದಕ್ಕೆ ಬೇರೆಯೇ ಪರೀಕ್ಷೆಗಳಿವೆ. ಲಿಫ್ಟ್, ಅಗ್ನಿಶಾಮಕ ವ್ಯವಸ್ಥೆ, ಕೊಳಚೆ ನೀರು ಶುದ್ಧೀಕರಣ ಘಟಕ, ಸಂಪು, ತಾರಸಿ ಎಲ್ಲವೂ ನಿವಾಸಿಗಳ ಸಂಘ ಒಟ್ಟಾಗಿ ಪರೀಕ್ಷೆ ಮಾಡಿಸಬೇಕಾದವು. ಕಟ್ಟಡದಲ್ಲಿ ವಾಸಿಸಬಹುದೆಂದು ಸ್ಥಳೀಯ ಆಡಳಿತ ಕೊಡುವ ಸ್ವಾಧೀನಾನುಭವ ಪತ್ರ (ಒಸಿ), ಖಾತೆ, ಋಣಭಾರ ಪತ್ರ, ನಕ್ಷೆ ಉಲ್ಲಂಘನೆ ಇವು ವಕೀಲರ ಕೆಲಸ. ಗೋಡೆ ನೆಟ್ಟಗಿದೆ ಎಂದ ಮಾತ್ರಕ್ಕೆ ಕಾಗದಪತ್ರ ನೆಟ್ಟಗಿರುತ್ತದೆ ಎಂದಲ್ಲ.

ಮಾವನವರ ಮಾತಿಗೆ ಬರುತ್ತೇನೆ. ಅವರನ್ನು ಖಂಡಿತ ಕರೆದುಕೊಂಡು ಹೋಗಿ. ಮೂರು ಮನೆ ಕಟ್ಟಿಸಿದವರ ಕಣ್ಣಿಗೆ ಮೂಲೆಮಟ್ಟ ತಪ್ಪಿದ ಗೋಡೆ, ಅಡ್ಡಾದಿಡ್ಡಿ ಗಾರೆ, ಮರದ ಗುಣ ತಪ್ಪಿಸಿಕೊಳ್ಳುವುದಿಲ್ಲ. ತಪಾಸಕರು ಗಮನಿಸದ್ದನ್ನು ಇಂಥ ಹಿರಿಯರು ಎತ್ತಿ ತೋರಿಸಿದ ಉದಾಹರಣೆಗಳು ನನಗೆ ಗೊತ್ತು. ಆದರೆ ಆರ್‌ಸಿಸಿಬಿಯನ್ನೂ ಗೋಡೆಯೊಳಗಿನ ತೇವವನ್ನೂ ಅನುಭವದ ಕಣ್ಣು ಕಾಣಲಾರದು. ಅದಕ್ಕಿಂತ ಮುಖ್ಯವಾಗಿ, ಹಿರಿಯರು ಬಾಯಲ್ಲಿ ಹೇಳಿದ್ದನ್ನು ಸೈಟ್ ಎಂಜಿನಿಯರ್ ‘ಆಯಿತು ಸರ್, ಮಾಡಿಸುತ್ತೇವೆ’ ಎಂದು ತಲೆಯಾಡಿಸಿ ಮರೆಯುತ್ತಾರೆ. ಮೂರನೆಯವರು ಅಂಕಿ ಮತ್ತು ಫೋಟೊ ಸಹಿತ ಬರೆದುಕೊಟ್ಟದ್ದನ್ನು ಮರೆಯುವುದು ಕಷ್ಟ. ನೀವು ದುಡ್ಡು ಕೊಡುತ್ತಿರುವುದು ಆ ಬರಹಕ್ಕೆ ಎಂದು ಮಾವನವರಿಗೆ ಹೇಳಿ ನೋಡಿ.

ಯಾರನ್ನು ಕರೆಸುವುದು? ನಮ್ಮಲ್ಲಿ ಮನೆ ತಪಾಸಕರಿಗೆಂದೇ ಸರ್ಕಾರಿ ಪರವಾನಗಿ ಇಲ್ಲ, ಯಾರು ಬೇಕಾದರೂ ಫಲಕ ಹಾಕಿಕೊಳ್ಳಬಹುದು. ಹಿಂದೆ ಬರೆದ ಒಂದು ವರದಿಯನ್ನು, ಮಾಲೀಕರ ಹೆಸರು ಅಳಿಸಿ, ತೋರಿಸಲು ಕೇಳಿ. ಬರುವವರಲ್ಲಿ ಒಬ್ಬರಾದರೂ ಸಿವಿಲ್ ಎಂಜಿನಿಯರ್ ಇರುತ್ತಾರೆಯೇ, ದುರಸ್ತಿಯಾದ ಮೇಲೆ ಮರುತಪಾಸಣೆಗೆ ಬರುತ್ತಾರೆಯೇ ಕೇಳಿ. ಜಲನಿರೋಧಕ ಲೇಪ, ಇಂಟೀರಿಯರ್ ಕೆಲಸ ಮಾಡುವ ಸಂಸ್ಥೆಯೇ ‘ತಪಾಸಣೆ ಉಚಿತ’ ಎಂದರೆ ದೂರವಿರಿ. ಸೋರಿಕೆ ಹುಡುಕುವವರಿಗೂ ಅದನ್ನು ನಿಲ್ಲಿಸುವ ರಾಸಾಯನಿಕ ಮಾರುವವರಿಗೂ ಒಂದೇ ಜೇಬು ಇರಬಾರದು. ಬಿಲ್ಡರ್ ಶಿಫಾರಸು ಮಾಡಿದವರೂ ಬೇಡ.

ವರದಿ ಬಂದ ಮೇಲೆ ಕಾನೂನು ನಿಮ್ಮ ಕಡೆ ಇದೆ, ಆದರೆ ಅದು ಕೇಳುವುದು ಲಿಖಿತ ರೂಪದಲ್ಲಿ. ರೇರಾ ಕಾಯ್ದೆ 2016ರ 14(3)ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆ, ಕೆಲಸಗಾರಿಕೆ, ಗುಣಮಟ್ಟ ಅಥವಾ ಸೇವೆಗಳಲ್ಲಿನ ದೋಷವನ್ನು ಗಮನಕ್ಕೆ ತಂದರೆ ಬಿಲ್ಡರ್ 30 ದಿನಗಳಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು, ತಪ್ಪಿದರೆ ಪರಿಹಾರ ಕೇಳುವ ಹಕ್ಕು ನಿಮ್ಮದು. ಇದರ ಜೊತೆಗೆ 19(10) ಇದೆ: ಸ್ವಾಧೀನಾನುಭವ ಪತ್ರ ಬಂದ ಎರಡು ತಿಂಗಳೊಳಗೆ ನೀವು ಸ್ವಾಧೀನ ಪಡೆಯಬೇಕು. ಆದ್ದರಿಂದ ಆ ಪತ್ರ ಬಂದಿದೆಯೇ ಎಂದು ಮೊದಲು ಕೇಳಿ, ಬಂದಿದ್ದರೆ ಬಾಗಿಲ ಹಿಡಿಗಾಗಿ ತಿಂಗಳುಗಟ್ಟಲೆ ಎಳೆಯಬೇಡಿ. ಒಡೆಯಬೇಕಾದ ದೋಷಗಳನ್ನು ಇಮೇಲ್‌ನ ಮೊದಲ ಪುಟದಲ್ಲಿ ಹಾಕಿ, ಉಳಿದವನ್ನು ಲಗತ್ತಿನಲ್ಲಿಡಿ. ನೂರು ಸಾಲುಗಳನ್ನು ಒಟ್ಟಿಗೆ ಕಳಿಸಿದರೆ ಅವರು ಸುಲಭದ ತೊಂಬತ್ತನ್ನು ಮುಗಿಸಿ ‘ತೊಂಬತ್ತು ಭಾಗ ಆಗಿದೆ’ ಎಂದು ಉತ್ತರಿಸುತ್ತಾರೆ. ಉಳಿದ ಹತ್ತು ಬಚ್ಚಲಿನವೇ ಆಗಿರುತ್ತವೆ.

ಕೀಲಿ ಕೊಡುವಾಗ ಸಹಿಗೆ ಮುಂದಿಡುವ ಕಾಗದದಲ್ಲಿ ‘ಎಲ್ಲವನ್ನೂ ಪರಿಶೀಲಿಸಿದ್ದೇನೆ, ತೃಪ್ತಿಯಿದೆ, ಇನ್ನಾವ ದೂರೂ ಇಲ್ಲ’ ಎಂಬ ಸಾಲಿರುತ್ತದೆ. ಅದರ ಕೆಳಗೆ ‘ಲಗತ್ತಿಸಿದ ಪಟ್ಟಿಯ ದೋಷಗಳನ್ನು ಸರಿಪಡಿಸುವ ಷರತ್ತಿಗೊಳಪಟ್ಟು’ ಎಂದು ಕೈಬರಹದಲ್ಲಿ ಬರೆದು, ದಿನಾಂಕ ಹಾಕಿ, ಫೋಟೊ ತೆಗೆದುಕೊಳ್ಳಿ. ಬಡಗಿಗಳು ಮನೆಯೊಳಗೆ ಬರುವ ಮೊದಲು ಬಚ್ಚಲು ಮತ್ತು ಅಡುಗೆಮನೆಯ ಪ್ರತಿ ಗೋಡೆಯ ಚಿತ್ರ ತೆಗೆದಿಡಿ. ಆಮೇಲೆ ಸೋರಿದರೆ ಬಿಲ್ಡರ್ ಹೇಳುವ ಮೊದಲ ಮಾತು ‘ನಿಮ್ಮ ಇಂಟೀರಿಯರ್‌ನವರು ಕೊರೆದಿದ್ದಾರೆ’ ಎಂಬುದೇ. ಮೊದಲ ಮಳೆಗಾಲ ಮುಗಿದ ಕೂಡಲೇ, ನವೆಂಬರ್ ಹೊತ್ತಿಗೆ, ಕಿಟಕಿ ಗೋಡೆಗಳನ್ನೂ ಬಚ್ಚಲಿನ ಚಾವಣಿಯನ್ನೂ ನೀವೇ ಒಮ್ಮೆ ನೋಡಿ, ಕಂಡದ್ದನ್ನು ಅದೇ ಇಮೇಲ್ ಸರಣಿಯಲ್ಲಿ ಬರೆಯಿರಿ. ಐದನೇ ವರ್ಷ ಮುಗಿಯಲು ಆರು ತಿಂಗಳಿರುವಾಗ ತಪಾಸಕರನ್ನು ಇನ್ನೊಮ್ಮೆ ಕರೆಸಿ, ಆಗ ನೀರು ಮತ್ತು ಬಿರುಕು ಎರಡನ್ನು ನೋಡಿದರೆ ಸಾಕು.